ಹತ್ತೂವರೆಯಿಂದ ಹನ್ನೆರಡು

ನನ್ನ ಉಬ್ಬಸಕ್ಕೆ ಡಾಕ್ಟರು ಹೆಸರಿಟ್ಟಾಗ ನನಗೆ ನಲವತ್ತೊಂದು. ಅದು ಆಸ್ಪತ್ರೆ ಸೇರುವಷ್ಟು ದೊಡ್ಡ ಕಾಯಿಲೆಯೇನಲ್ಲ ಎಂದು ಇನ್ಶೂರೆನ್ಸ್ ಕಂಪನಿ ಕಾಗದ ಬರೆದಾಗ ನಲವತ್ತಮೂರು. ಆಮೇಲೆ ನಡೆದದ್ದನ್ನು ಬರೆದಿಡಬೇಕು ಅನ್ನಿಸಿ ಬರೆಯುತ್ತಿದ್ದೇನೆ. ಅಂಥದ್ದೇ ಒಂದು ಕಾಗದ ಕೈಯಲ್ಲಿ ಹಿಡಿದು, ಎಲ್ಲೋ ನನ್ನದೇ ತಪ್ಪಿರಬೇಕು ಎಂದು ಒಳಗೊಳಗೇ ಬೇಯುತ್ತಿರುವ ಇನ್ನೊಬ್ಬರು ಇದ್ದೇ ಇರುತ್ತಾರೆ. ಅವರಿಗಾಗಿ ಇದು. ಸಮಾಧಾನದ ಮಾತು ಬೇಕಾದವರು ಬೇರೆ ಕಡೆ ನೋಡಿಕೊಳ್ಳಿ, ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ನಾನು ಮದ್ದೂರಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ತವರು ಮಳವಳ್ಳಿ, ಕೊಟ್ಟ ಮನೆ ಚಿಕ್ಕರಸಿನಕೆರೆ. ನಮ್ಮ ಮನೆಯವರು ಶಿವರಾಜು, ಮದ್ದೂರಿನಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ನನ್ನ ಕೈಗೂ ಉಬ್ಬಸದ ಔಷಧಿ ಎಳೆದುಕೊಳ್ಳುವ ಒಂದು ಪಂಪು ಬಂದ ಮೇಲೆ, 'ಈಗ ಇಬ್ಬರದ್ದೂ ಒಂದೇ ಕಸುಬು' ಎಂದು ಅವರು ತಮಾಷೆ ಮಾಡುತ್ತಿದ್ದರು. ಮನೆಯಲ್ಲಿ ಮೂರನೆಯವರು ನಮ್ಮ ಮಾವ. ಮೂವತ್ತು ವರ್ಷಕ್ಕೂ ಮೇಲೆ ಊರಿನ ಪೋಸ್ಟಾಫೀಸು ನಡೆಸಿ ನಿವೃತ್ತರಾದವರು. ಒಂದು ದಿನವೂ ಬಾಗಿಲು ತಡವಾಗಿ ತೆಗೆದವರಲ್ಲ. ಊರಿನವರು ಈಗಲೂ ಬೋರ್‌ವೆಲ್ ಕೊರೆಸುವುದಕ್ಕೆ, ಮಗುವಿಗೆ ಹೆಸರಿಡುವುದಕ್ಕೆ ಒಳ್ಳೆ ಹೊತ್ತು ಕೇಳಿಕೊಂಡು ನಮ್ಮ ಜಗಲಿಗೆ ಬರುತ್ತಾರೆ. ಗೋಡೆಯ ಕ್ಯಾಲೆಂಡರ್ ನೋಡುವ ಅಗತ್ಯವೂ ಅವರಿಗಿಲ್ಲ. ರಾಹುಕಾಲ, ಗುಳಿಕಕಾಲ, ಯಮಗಂಡಕಾಲ ಮೂರೂ ವಾರಕ್ಕೆ ತಕ್ಕಂತೆ ಬಾಯಲ್ಲೇ ಇವೆ.

ಅವರನ್ನು ಕೆಟ್ಟವರು ಎಂದುಕೊಳ್ಳಬೇಡಿ. ಹಾಗಿದ್ದಿದ್ದರೆ ಈ ಕಥೆ ಹೇಳುವುದು ಸುಲಭವಾಗುತ್ತಿತ್ತು. ತಿಂಗಳಾನುಗಟ್ಟಲೆ ಕೆಮ್ಮಿ ಕೆಮ್ಮಿ ಕೊನೆಗೆ ಮಂಡ್ಯದ ಡಾಕ್ಟರು ನನಗೆ ಅಸ್ತಮಾ ಎಂದ ದಿನ, ಮಳವಳ್ಳಿಯಿಂದ ನಮ್ಮಮ್ಮ ಫೋನಿನಲ್ಲೇ ಜಗಳಕ್ಕೆ ನಿಂತಳು. "ನಮ್ ವಂಸ್ದಲ್ಲೇ ಗೂರ್ಲು ಇಲ್ಲ ಕಣೇ. ಆ ಡಾಕ್ಟ್ರಿಗೆ ಏನ್ ಗೊತ್ತು?" ಎಂದು ನನ್ನನ್ನೇ ಗದರಿದಳು. ಮಾವ ಮಾತ್ರ ಹಿತ್ತಲಿಗೆ ಹೋಗಿ ಜೇಬಿನಲ್ಲಿದ್ದ ಬೀಡಿ ಕಟ್ಟನ್ನು ಬಚ್ಚಲ ನೀರಿನಲ್ಲಿ ಅದ್ದಿ ಬಿಸಾಕಿ ಬಂದರು. ಐವತ್ತು ವರ್ಷದ ಚಟ ಅದು. ಆ ಮೇಲೆ ಒಂದೂ ಸೇದಲಿಲ್ಲ. ಕಸ ಗುಡಿಸಿ ಬೆಂಕಿ ಹಾಕುವುದನ್ನು ಬಿಟ್ಟರು. ಮನೆಯ ಹಿಂದಿನ ಗದ್ದೆಯವನು ಕಬ್ಬು ಕಡಿದ ಮೇಲೆ ತರಗಿಗೆ ಬೆಂಕಿ ಕೊಡಲು ಬಂದಾಗ, ಮುಂಚೆಯೇ ಹೇಳಬೇಕೆಂದು ತಾಕೀತು ಮಾಡಿ ಬಂದರು. ಈ ಮನೆಗೆ ಬಂದ ಮೇಲೆ ನನಗಾಗಿ ಯಾರಾದರೂ ಏನಾದರೂ ಬಿಟ್ಟಿದ್ದರೆ ಅದು ಅವರೊಬ್ಬರೇ.

ಅದೊಂದು ಶುಕ್ರವಾರ. ಆಲೆಮನೆಗಳು ಹಗಲೂ ರಾತ್ರಿ ಉರಿಯುವ ಕಾಲ. ನಮ್ಮ ಕಡೆ ಆ ದಿನಗಳಲ್ಲಿ ಗಾಳಿಯೇ ಸಿಹಿಯಾಗಿರುತ್ತದೆ, ನನಗೆ ಮಾತ್ರ ಅದು ಎದೆಯೊಳಗೆ ಇಳಿಯುವುದಿಲ್ಲ. ಬೆಳಿಗ್ಗೆ ಸೀರೆ ಉಟ್ಟು ಸ್ಕೂಲಿಗೆ ಹೊರಟವಳು ಹೊಸಿಲಲ್ಲೇ ಕೂತೆ. ಪಂಪು ಎರಡು ಸಲ ಎಳೆದೆ, ನಾಲ್ಕು ಸಲ ಎಳೆದೆ, ಏನೂ ಆಗಲಿಲ್ಲ. ಶಿವರಾಜು ಕಾರು ತೆಗೆದು ಊರಿನ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಅಲ್ಲಿನ ಡಾಕ್ಟರು ಮೂಗಿಗೆ ಮಾಸ್ಕು ಕೊಟ್ಟು ಔಷಧಿಯ ಹಬೆ ಎಳೆಸಿದರು, ಸೂಜಿ ಚುಚ್ಚಿದರು, ಎದೆಗೆ ಕೊಳವೆ ಇಟ್ಟು ಕೇಳಿದರು. ಅವರ ಮುಖ ಕಂಡು ನನಗೆ ದಿಗಿಲಾಯಿತು.

"ಇದು ನನ್ ಕೈಲಿ ಆಗೋದಲ್ಲ ಶಿವರಾಜು. ಈಗ ಒಂಚೂರು ಸಲೀಸು ಅನ್ಸುತ್ತೆ, ನಂಬ್‌ಬೇಡ. ಎಲ್ಲೂ ನಿಲ್ಲಿಸ್ದೆ ಮಂಡ್ಯಕ್ಕೆ ಹೊರಡು," ಎಂದು ಚೀಟಿ ಬರೆದುಕೊಟ್ಟರು. ಕೆಳಗೆ ಸಹಿ ಹಾಕಿ ಹೊತ್ತು ಬರೆದರು: ಹತ್ತು ಹದಿನೈದು. ಆ ನಾಲ್ಕಂಕಿ ಮುಂದೆ ನನ್ನ ಕುತ್ತಿಗೆಗೆ ಬರುತ್ತದೆ ಎಂದು ಆಗ ಯಾರಿಗೆ ಗೊತ್ತಿತ್ತು?

ಎಲ್ಲೂ ನಿಲ್ಲಿಸಬೇಡ ಎಂದರೂ ಮನೆಗೆ ಬಂದೆವು. ಹಳೆಯ ರಿಪೋರ್ಟು, ಇನ್ಶೂರೆನ್ಸಿನ ಕಾರ್ಡು, ಎರಡು ನೈಟಿ ತೆಗೆದುಕೊಳ್ಳಲು ಐದು ನಿಮಿಷ ಸಾಕಿತ್ತು. ಮಾವ ಜಗಲಿಯಲ್ಲಿ ನಿಂತಿದ್ದರು. ಕೈಗಡಿಯಾರ ನೋಡಿಕೊಂಡರು.

"ಹತ್ತೂವರೆ ಆಗೋಯ್ತಲ್ಲಪ್ಪ. ಸುಕ್ರವಾರ. ರಾವುಕಾಲ ಹಿಡ್ಕಂಡದೆ," ಎಂದರು.

"ಅಪ್ಪ, ಡಾಕ್ಟ್ರು ಈಗ್ಲೇ ಓಗು ಅಂದವ್ರೆ."

"ಓಗ್ಬ್ಯಾಡ ಅಂದ್ನಾ? ಮೊದಲ್ನೇ ಸಲ ಆಸ್ಪತ್ರೆಗೆ ಸೇರಿಸ್ತಾ ಇದ್ದೀಯ. ರಾವುಕಾಲ್ದಲ್ಲಿ ಒಳೀಕ್ ಓದೋರು ಈಚೆ ಬರಾದು ಕಷ್ಟ ಕಣ್ಲಾ. ನಿಮ್ಮವ್ವನ್ನ ಹಂಗೇ ಕರ್ಕಂಡು ಓಗಿ ಏನಾಯ್ತು, ಮರ್ತ್‌ಬುಟ್ಯಾ? ಹನ್ನೆರಡು ಒಡೀಲಿ, ಹೊಂಟ್‌ಬುಡಿ." ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದರು. "ಏನಂದೀಯ ಮಗ? ಈಗ ವಾಸಿ ಅಲ್ವಾ?"

ನಮ್ಮ ಅತ್ತೆ ತೀರಿಕೊಂಡಿದ್ದು ಹೃದಯದ ಕಾಯಿಲೆಯಿಂದ, ನಾನು ಮದುವೆಯಾಗಿ ಬಂದ ಎರಡನೇ ವರ್ಷ. ಅವರನ್ನು ಆಸ್ಪತ್ರೆಗೆ ಸಾಗಿಸಿದ್ದು ರಾಹುಕಾಲದಲ್ಲಿ ಎಂಬುದನ್ನು ಮಾವ ಒಂದು ದಿನವೂ ಮರೆತಿರಲಿಲ್ಲ.

ಹಬೆ ಎಳೆದದ್ದರಿಂದ ನನಗೆ ನಿಜಕ್ಕೂ ಒಂದಿಷ್ಟು ವಾಸಿ ಅನ್ನಿಸಿತ್ತು. ಉಬ್ಬಸದವರಿಗೆ ಗೊತ್ತು, ಒಂದು ಉಸಿರಿಗೆ ಎಷ್ಟು ಮಾತು ಬರುತ್ತದೆ ಎಂಬುದೇ ನಮ್ಮ ಅಳತೆ. ಆಗ ನನಗೆ ಮೂರು ಮಾತು ಬರುತ್ತಿದ್ದವು. ಆ ಮೂರನ್ನೂ ನಾನು ಖರ್ಚು ಮಾಡಿದ್ದು ಹೀಗೆ: "ಆಯ್ತು ಮಾವ, ಕಾಯ್ತೀನಿ."

ನಾನು ಎಂಟನೇ ಕ್ಲಾಸಿನ ಮಕ್ಕಳಿಗೆ ಪ್ರತಿ ವರ್ಷ ಗ್ರಹಣದ ಪಾಠ ಮಾಡುತ್ತೇನೆ. ಕಿಟಕಿ ಮುಚ್ಚಿಸಿ, ಟಾರ್ಚು ಹಿಡಿದು, ಒಬ್ಬಳ ಕೈಗೆ ಚೆಂಡು ಕೊಟ್ಟು ನಿಲ್ಲಿಸಿ, ರಾಹು ಅಂತ ಒಂದು ಗ್ರಹ ಇಲ್ಲವೇ ಇಲ್ಲ, ನೋಡಿ, ಇಷ್ಟೇ, ಬರೀ ನೆರಳು ಎಂದು ತೋರಿಸುತ್ತೇನೆ. ಮಕ್ಕಳು ಬಾಯಿಬಿಟ್ಟುಕೊಂಡು ನೋಡುತ್ತವೆ. ಆ ಟೀಚರು ಅವತ್ತು ಕಾಲು ಮಡಚಿ ಜಗಲಿಯ ಮೇಲೆ ಕೂತಳು. ಯಾರೂ ಬಾಗಿಲಿಗೆ ಅಗುಳಿ ಹಾಕಿರಲಿಲ್ಲ. ಕಾರಿನ ಕೀಲಿಕೈ ಶಿವರಾಜು ಜೇಬಿನಲ್ಲಿತ್ತು. ಎದ್ದು ಹೋಗಿ ಕಾರಿನಲ್ಲಿ ಕೂತಿದ್ದರೆ ಅವರು ಹೊರಟೇಬಿಡುತ್ತಿದ್ದರು. ಮಾವನಿಗೆ ಎದುರಾಡಬಾರದು ಅನ್ನಿಸಿತೋ, ಬೀಡಿ ಬಿಟ್ಟವರ ಮಾತು ತೆಗೆದುಹಾಕಲು ಮನಸ್ಸಾಗಲಿಲ್ಲವೋ, ಅಥವಾ ನನ್ನೊಳಗೂ ಎಲ್ಲೋ ಆ ಹೆದರಿಕೆ ಕೂತಿತ್ತೋ, ಇವತ್ತಿಗೂ ತಿಳಿಯದು.

ಹನ್ನೊಂದರ ಹೊತ್ತಿಗೆ ಎರಡು ಮಾತಿಗೆ ಇಳಿದೆ. ಮಾವ ಪಕ್ಕದಲ್ಲೇ ಕೂತು ಬೆನ್ನು ನೀವುತ್ತಿದ್ದರು, ಪೇಪರು ಮಡಚಿ ಗಾಳಿ ಬೀಸುತ್ತಿದ್ದರು. ಶಿವರಾಜು ಎರಡು ಸಲ ಕಾರು ಸ್ಟಾರ್ಟ್ ಮಾಡಿ ಎರಡು ಸಲ ಆರಿಸಿದರು. ಹನ್ನೊಂದೂವರೆಗೆ ಒಂದು ಮಾತೂ ಹೊರಡಲಿಲ್ಲ. ಎರಡೂ ಕೈ ಮಂಡಿಯ ಮೇಲೆ ಊರಿ, ಭುಜ ಮೇಲೆತ್ತಿ, ಗಾಳಿಗಾಗಿ ಕುತ್ತಿಗೆ ಚಾಚುತ್ತಿದ್ದೆ. ಎದುರು ಮನೆಯ ನಿಂಗಮ್ಮ ಬೀದಿಯಲ್ಲಿ ನಿಂತು, "ಅಯ್ಯೋ, ಆ ಎಣ್ಣಿನ್ ತುಟಿ ನೋಡ್ರೋ, ನೀಲಿಗಾಗ್ತಾ ಅವೆ!" ಎಂದು ಕೂಗಿದಳು. ಶಿವರಾಜು ಅಪ್ಪನ ಮೇಲೆ ರೇಗಿದರು. ಮಾವ ಬೀಸುತ್ತಿದ್ದ ಪೇಪರು ಕೆಳಗಿಟ್ಟು ಎದ್ದರು. ಆದರೂ, "ಇನ್ನಿಪ್ಪತ್ ನಿಮಿಷ ಕಣ್ಲಾ, ಇಷ್ಟೊತ್ತು ತಡ್ಕಂಡವ್ಳೆ," ಎಂದರು. ಹನ್ನೆರಡು ಹೊಡೆದ ಮೇಲೆ ಅವರೇ ನನ್ನನ್ನು ತೋಳಿಗೆ ಆತುಕೊಂಡು ಕಾರಿಗೆ ಹತ್ತಿಸಿದರು. ಮದ್ದೂರಿನ ಹತ್ತಿರ ಕಬ್ಬಿನ ಟ್ರ್ಯಾಕ್ಟರು ಅಡ್ಡ ಸಿಕ್ಕಿ ಇನ್ನೊಂದಿಷ್ಟು ಹೊತ್ತು ಹೋಯಿತು. ಮಂಡ್ಯದ ಆಸ್ಪತ್ರೆಯ ಬಾಗಿಲು ನನಗೆ ನೆನಪಿಲ್ಲ.

ನೆನಪಿರುವುದು ಐಸಿಯುನಲ್ಲಿ ಕಣ್ಣು ಬಿಟ್ಟಾಗ ಕಂಡ ಒಂದು ಮುಖ. ಕೊತ್ತತ್ತಿಯ ಭಾಗ್ಯ ಎಂಬ ಸಿಸ್ಟರು. ನಾನು ಟೀಚರು ಎಂದು ಯಾರೋ ಹೇಳಿದ್ದರು. "ಮಿಸ್, ಮಾತಾಡ್ಬ್ಯಾಡಿ. ಏನ್ ಬೇಕೋ ನನ್ ಅಂಗೈ ಮ್ಯಾಲೆ ಬೆರಳಲ್ಲಿ ಬರೀರಿ," ಎಂದು ಕೈ ಚಾಚಿದಳು. ಮೂರು ದಿನ ನಾನು ಅವಳ ಅಂಗೈ ಮೇಲೆ ನೀರು, ಬೆಳಕು, ಭಯ ಎಂದು ಬರೆಯುತ್ತಿದ್ದೆ. ಭಯ ಎಂದು ಬರೆದಾಗ ಅವಳು ಕೈ ಹಿಂದಕ್ಕೆ ತೆಗೆದುಕೊಳ್ಳದೆ ಸುಮ್ಮನೆ ಹಾಗೇ ಇಟ್ಟುಕೊಂಡು ನಿಲ್ಲುತ್ತಿದ್ದಳು. ಅಷ್ಟು ಉಪಕಾರ ನನಗೆ ಬೇರೆ ಯಾರೂ ಮಾಡಿಲ್ಲ.

ಹೊರಗೆ ಮಳವಳ್ಳಿಯಿಂದ ಬಸ್ಸು ಹತ್ತಿ ಬಂದ ಅಮ್ಮ ಕಬ್ಬಿಣದ ಕುರ್ಚಿಯ ಮೇಲೆ ಮೂರು ದಿನ ಕೂತಿದ್ದಳು. ಪಕ್ಕದ ಕುರ್ಚಿಯಲ್ಲಿ ಯಲಿಯೂರಿನ ಒಬ್ಬ ಹೆಂಗಸು, ಅವಳ ಗಂಡನೂ ಒಳಗೆ. ಇಬ್ಬರೂ ಒಂದೇ ಬುತ್ತಿಯಲ್ಲಿ ಮುದ್ದೆ ಮುರಿದುಕೊಂಡು ತಿಂದರಂತೆ. ನಡೆದದ್ದು ತಿಳಿದಾಗ ಅಮ್ಮ ಬೀಗರ ಮುಖಕ್ಕೆ ಹೊಡೆದ ಹಾಗೆ ಕೇಳಿದಳಂತೆ: "ಉಸ್ರು ಇದ್ರೆ ತಾನೆ ಬೀಗ್ರೆ ರಾವುಕಾಲ, ಗುಳಿಕಾಲ? ನನ್ ಮಗ್ಳು ಸತ್ತಿದ್ರೆ ಒಳ್ಳೆ ಗಳಿಗೇಲಿ ಸತ್ಲು ಅಂತಿದ್ರಾ?" ಮಾವ ತಲೆ ತಗ್ಗಿಸಿ ಹೊರಗೆ ಹೋದವರು ಸಂಜೆಯವರೆಗೂ ಒಳಗೆ ಬರಲಿಲ್ಲವಂತೆ.

ವಾರ್ಡಿಗೆ ಬಂದ ದಿನ ಶಿವರಾಜು ಕಾಗದ ತಂದರು. ಕಂಪನಿ ಆಸ್ಪತ್ರೆಗೆ ನೇರವಾಗಿ ದುಡ್ಡು ಕಟ್ಟುವುದಿಲ್ಲವಂತೆ. ಅವರು ಹೇಗೋ ಹೊಂದಿಸಿ ನನ್ನನ್ನು ಬಿಡಿಸಿಕೊಂಡು ಬಂದರು, ಅದನ್ನು ಹೇಳಿದರೆ ಅವರಿಗೆ ಇಷ್ಟವಾಗುವುದಿಲ್ಲ. ಮನೆಗೆ ಬಂದು ಎಲ್ಲ ಬಿಲ್ಲು ಜೋಡಿಸಿ ಕಳಿಸಿದೆವು. ಅದಕ್ಕೂ ಇಲ್ಲ ಎಂಬ ಕಾಗದವೇ ಬಂತು. ಇಂಗ್ಲಿಷಿನಲ್ಲಿ ನಯವಾಗಿ ಬರೆದಿದ್ದರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಇಷ್ಟು: ಹತ್ತು ಹದಿನೈದಕ್ಕೆ ಡಾಕ್ಟರು ಹೋಗಿ ಎಂದಿದ್ದಾರೆ, ರೋಗಿ ಒಂದು ಗಂಟೆ ಹತ್ತು ನಿಮಿಷಕ್ಕೆ ಬಂದಿದ್ದಾರೆ. ಜೀವಕ್ಕೆ ಅಪಾಯವಿದ್ದವರು ಹೀಗೆ ಕಾಯುವುದಿಲ್ಲ. ಬಂದಾಗ ರಕ್ತದಲ್ಲಿ ಆಮ್ಲಜನಕ ತೊಂಬತ್ತಾರು ಇದೆ. ಆದ್ದರಿಂದ ಆಸ್ಪತ್ರೆ ಸೇರುವ ಅಗತ್ಯವೇ ಇರಲಿಲ್ಲ, ಮನೆಯಿಂದಲೇ ಓಡಾಡಿ ತೋರಿಸಿಕೊಳ್ಳಬಹುದಿತ್ತು.

ಅದನ್ನು ಓದಿದಾಗ ನನಗೆ ದುಡ್ಡಿನ ಯೋಚನೆ ಬರಲಿಲ್ಲ. ನಾನು ಸಾಯುತ್ತಿದ್ದೆ ಎಂಬುದನ್ನೇ ಯಾರೋ ಅಳಿಸಿಹಾಕಿದರು ಅನ್ನಿಸಿತು. ಆ ಒಂದೂವರೆ ಗಂಟೆ, ಆ ಜಗಲಿ, ಗಾಳಿಗೆ ಬಾಯಿ ತೆರೆದದ್ದು, ಎಲ್ಲ ನಾನು ಆಡಿದ ನಾಟಕವೇ? ಅವರು ದುಡ್ಡು ಕೊಡದಿದ್ದರೂ ಚಿಂತೆಯಿಲ್ಲ, ಇವಳಿಗೆ ಆಸ್ಪತ್ರೆ ಬೇಕಿತ್ತು ಎಂದು ಒಂದು ಸಾಲು ಅವರ ಕೈಯಲ್ಲೇ ಬರೆಸಬೇಕು ಎಂಬ ಹಟ ಹುಟ್ಟಿದ್ದು ಅವತ್ತು.

ಮೊದಲ ಮೇಲ್ಮನವಿಯಲ್ಲಿ ನಾವು ಸುಳ್ಳು ಬರೆದೆವು. ಹೌದು, ಬರೆದೆವು. 'ಕಾರು ಕೆಟ್ಟು ನಿಂತಿತ್ತು, ಬೇರೆ ಗಾಡಿ ಸಿಗಲು ತಡವಾಯಿತು' ಎಂದು ಶಿವರಾಜು ಬರೆದರು, ನಾನು ಸಹಿ ಹಾಕಿದೆ. ಪೋಸ್ಟ್‌ಮಾಸ್ಟರ ಮನೆಯಲ್ಲಿ ರಾಹುಕಾಲಕ್ಕಾಗಿ ಸೊಸೆಯನ್ನು ಕೂರಿಸಿಕೊಂಡಿದ್ದರು ಎಂದು ಬೆಂಗಳೂರಿನ ಆಫೀಸಿಗೆ ಬರೆಯುವುದು ಹೇಗೆ? ಮನೆಯ ಮರ್ಯಾದೆ ನೋಡಿ! ಮಾವ ಆ ಕಾಗದವನ್ನು ಓದಿದರು. ಲಕೋಟೆಗೆ ಅಂಟು ಹಚ್ಚಿ, ತಮ್ಮ ದುಂಡು ಅಕ್ಷರದಲ್ಲಿ ವಿಳಾಸ ಬರೆದು, ರಿಜಿಸ್ಟರ್ ಮಾಡಿಸಲು ತಾವೇ ಹೊರಟರು. ಹೊರಡುವ ಮುಂಚೆ ಗಡಿಯಾರ ನೋಡಿ ಅರ್ಧ ಗಂಟೆ ಕಾದರು. ನಾನು ಅಡುಗೆಮನೆಯಿಂದ ಅದನ್ನು ನೋಡುತ್ತಾ ನಿಂತಿದ್ದೆ, ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಹದಿನೈದು ದಿನಕ್ಕೆ ಕಂಪನಿಯ ಕಡೆಯಿಂದ ವಿಚಾರಣೆಗೆ ಒಬ್ಬ ಬೈಕಿನಲ್ಲಿ ಬಂದ. ನಮ್ಮ ಮನೆಗೆ ಬರುವ ಮೊದಲು ಎದುರು ಮನೆಯ ನಿಂಗಮ್ಮನನ್ನು ಕೇಳಿದ. ನಿಂಗಮ್ಮನಿಗೆ ಸುಳ್ಳು ಹೇಳಲು ಬರುವುದಿಲ್ಲ, ಯಾರೂ ಹೇಳು ಎಂದೂ ಹೇಳಿರಲಿಲ್ಲ.

"ಕಾರ್ ಎಲ್ಲಿ ಕೆಟ್ಟಿತ್ತಪ್ಪ? ಬಾಗ್ಲಲ್ಲೇ ನಿಂತಿತ್ತು. ರಾವುಕಾಲ ಅಂತ ಕೂತಿದ್ರು. ಆ ಎಣ್ಣುಮಗ್ಳು ದಡಕ್ ಬಿದ್ದ ಮೀನು ಬಾಯ್ ಬುಟ್ಟಂಗೆ ಬುಡ್ತಿದ್ಲು, ನೋಡಕ್ಕಾಗ್ತಿರ್ಲಿಲ್ಲ."

ಅವನು ಬರೆದುಕೊಂಡದ್ದು ಮೊದಲಿನ ಅರ್ಧ. ಎರಡನೇ ಕಾಗದ ಬಂದಾಗ ಅದರಲ್ಲಿ ಕಾರು ಸುಸ್ಥಿತಿಯಲ್ಲಿತ್ತು, ರೋಗಿಯ ಕಡೆಯವರು ಸುಳ್ಳು ಮಾಹಿತಿ ಕೊಟ್ಟಿದ್ದಾರೆ ಎಂದಿತ್ತು. ಮೀನಿನ ವಿಷಯ ಎಲ್ಲೂ ಇರಲಿಲ್ಲ. ಇದ್ದ ಒಂದು ನಿಜವನ್ನೂ ನಮ್ಮ ಕೈಯಾರೆ ಕೆಡಿಸಿಕೊಂಡಿದ್ದೆವು. ಶಿವರಾಜು ಕಾಗದ ಮಡಚಿಟ್ಟು, "ಬುಡು ಸುಮ, ಸಾಕು. ನೀನು ಇದ್ದೀಯಲ್ಲ, ಅದೇ ಸಾಕು," ಎಂದರು. ಬೇರೆ ಸಮಯದಲ್ಲಾದರೆ ಆ ಮಾತಿಗೆ ಕರಗಿಬಿಡುತ್ತಿದ್ದೆ. ಅವತ್ತು ಕೇಳಿದೆ, "ನಾನು ಇಲ್ಲದೇ ಹೋಗ್ತಿದ್ದೆ ಅಂತ ಯಾರೂ ಒಪ್ತಾನೇ ಇಲ್ವಲ್ಲ ರೀ, ಅದಕ್ಕೇನು ಮಾಡ್ಲಿ?"

ಇನ್ಶೂರೆನ್ಸಿನ ದೂರುಗಳನ್ನು ಕೇಳಲೆಂದೇ ಓಂಬುಡ್ಸ್‌ಮನ್ ಎಂಬ ಅಧಿಕಾರಿ ಇರುತ್ತಾರೆ, ಅಲ್ಲಿಗೆ ಬರೆಯಲು ವಕೀಲರು ಬೇಕಿಲ್ಲ ಎಂದು ನಮ್ಮ ಸ್ಕೂಲಿನ ಹೆಡ್‌ಮಿಸ್ ಹೇಳಿದರು. ಈ ಸಲ ನಾನೇ ಬರೆದೆ. ಹಿಂದೆ ಬರೆದದ್ದು ಸುಳ್ಳು, ನಾಚಿಕೆಗೆ ಹಾಗೆ ಬರೆದೆವು ಎಂಬುದೇ ಮೊದಲ ಸಾಲು.

ತೊಂಬತ್ತಾರರ ಗಂಟು ಬಿಚ್ಚಿದವಳು ಭಾಗ್ಯ. ಮಂಡ್ಯಕ್ಕೆ ತೋರಿಸಲು ಹೋದಾಗ ಅವಳನ್ನು ಹುಡುಕಿಕೊಂಡು ಹೋದೆ. "ಅದು ಮಾಸ್ಕ್ ಹಾಕಿದ್ ಮ್ಯಾಲೆ ನೋಡಿದ್ದು ಮಿಸ್. ನೀವು ಬಂದಾಗ ಎಂಬತ್ತೆರಡಿತ್ತು. ಅವತ್ತು ಮೊದ್ಲು ನಂಗೆ ಕ್ಯಾಷುಯಾಲ್ಟೀಲೇ ಡ್ಯೂಟಿ, ಅಲ್ಲಿನ್ ರಿಜಿಸ್ಟ್ರಲ್ಲಿ ನಾನೇ ಬರ್ದಿವ್ನಿ," ಎಂದಳು. ಆ ಪುಟದ ನಕಲಿಗಾಗಿ ನಾಲ್ಕು ಸಲ ಮಂಡ್ಯಕ್ಕೆ ಅಲೆದೆ. ಒಂದು ದಿನ ಸಹಿ ಮಾಡುವವರು ರಜೆ, ಇನ್ನೊಂದು ದಿನ ಸೀಲು ಇಟ್ಟವರು ಊಟಕ್ಕೆ. ಮೆಟ್ಟಿಲು ಹತ್ತಿ ಇಳಿಯುವಾಗ ನನಗೆ ಮತ್ತೆ ದಮ್ಮು ಕಟ್ಟುತ್ತಿತ್ತು. ಗೋಡೆ ಹಿಡಿದು ನಿಂತು ಪಂಪು ಎಳೆದುಕೊಂಡು ಮತ್ತೆ ಹತ್ತುತ್ತಿದ್ದೆ. ನನಗೆ ಉಸಿರಿರಲಿಲ್ಲ ಎಂದು ರುಜುವಾತು ಮಾಡಲು ಎಷ್ಟು ಉಸಿರು ಬೇಕು ಎಂದು ಆಗ ಗೊತ್ತಾಯಿತು.

ನಿಂಗಮ್ಮನ ಮಾತಿನ ಎರಡನೇ ಅರ್ಧವನ್ನು ನಾನು ಅವಳ ಬಾಯಲ್ಲಿ ಬಂದ ಹಾಗೇ ಬರೆದುಕೊಂಡೆ. ಮೀನೂ, ನೀಲಿ ತುಟಿಯೂ, ಎಲ್ಲ. ಓದಿ ಹೇಳಿದಾಗ, "ಇಷ್ಟೇನಾ? ನಾನು ಅತ್ತಿದ್ದು ಬರ್ಕಳಲ್ವಾ?" ಎಂದು ಕೇಳಿದಳು. ಅದನ್ನೂ ಸೇರಿಸಿದೆ. ಹೆಬ್ಬೆಟ್ಟು ಒತ್ತಿಕೊಟ್ಟಳು.

ಉಳಿದದ್ದು ಮಾವನ ಹೇಳಿಕೆ. ಕಾದದ್ದು ಯಾಕೆ ಎಂದು ಅವರೇ ಬರೆದುಕೊಟ್ಟರೆ ಬಲ ಬರುತ್ತದೆ ಎಂದು ಹೆಡ್‌ಮಿಸ್ ಹೇಳಿದ್ದರು. ನಾನು ಕೇಳಿದಾಗ ಮಾವ ಅಂಗಳದ ಕಡೆ ತಿರುಗಿದರು. "ಬರ್ದ್‌ಕೊಡ್ತೀನಿ ಬುಡವ್ವ," ಎಂದರು. ಎರಡು ದಿನ ತೆಗೆದುಕೊಂಡರು. ಒಂದು ಪುಟ, ಒಂದು ಚಿತ್ತೂ ಇಲ್ಲದ ಬರಹ. 'ಆ ಹೊತ್ತು ಪ್ರಯಾಣಕ್ಕೆ ಪ್ರಶಸ್ತವಲ್ಲವೆಂದು ಹಿರಿಯರ ಅಭಿಪ್ರಾಯವಿದ್ದುದರಿಂದ ಹೊರಡುವುದು ತಡವಾಯಿತು' ಎಂದಿತ್ತು. ಯಾವ ಹಿರಿಯರು, ಯಾರು ತಡೆದರು, ಯಾರು ಬೆನ್ನು ನೀವುತ್ತಾ ಇನ್ನಿಪ್ಪತ್ತು ನಿಮಿಷ ಎಂದರು, ಇಡೀ ಪುಟದಲ್ಲಿ ಇಲ್ಲ. ಓದಿದವರು ಆ ಹಿರಿಯರು ಇನ್ಯಾವುದೋ ಊರಿನವರು ಎಂದುಕೊಳ್ಳಬೇಕು.

"ಮಾವ, ನೀವು ಅಂತ ಬರೀಲಿಲ್ಲ," ಎಂದೆ.

"ಅರ್ಥ ಆಯ್ತದೆ ಬುಡು ಮಗ," ಎಂದರು. ಕಣ್ಣು ನನ್ನ ಕಡೆ ಎತ್ತಲಿಲ್ಲ.

ನನಗೆ ಅವತ್ತು ಅವರ ಮೇಲೆ ಬಂದ ಕೋಪ ಜಗಲಿಯಲ್ಲಿ ಕೂತಾಗಲೂ ಬಂದಿರಲಿಲ್ಲ. ಬೀಡಿ ಬಿಟ್ಟಷ್ಟು ಸುಲಭವಾಗಿ ಒಂದು ಮಾತು ಬರೆಯಲು ಆಗಲಿಲ್ಲವಲ್ಲ! ಆ ಪುಟವನ್ನು ನಾನು ದೂರಿನ ಜೊತೆ ಇಡಲಿಲ್ಲ. ಈಗಲೂ ನನ್ನ ಬೀರುವಿನಲ್ಲಿದೆ.

ವಿಚಾರಣೆ ಮೊಬೈಲಿನಲ್ಲೇ ನಡೆಯಿತು. ನಡುಮನೆಯಲ್ಲಿ ಕೂತು ಫೋನನ್ನು ರಾಗಿ ಡಬ್ಬಕ್ಕೆ ಒರಗಿಸಿಟ್ಟಿದ್ದೆ. ಮಾವ ಕ್ಯಾಮೆರಾಕ್ಕೆ ಕಾಣದ ಹಾಗೆ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಿದ್ದರು. 'ಬೇಕಾದ್ರೆ ನಾನೇ ಯೋಳ್ತೀನಿ' ಎಂದು ಬೆಳಿಗ್ಗೆ ಹೇಳಿದ್ದರು. ಕಂಪನಿಯ ಪರವಾಗಿ ಒಬ್ಬ ಹೆಂಗಸು ಅದೇ ಮಾತು ಓದಿದಳು: ಒಂದೂವರೆ ಗಂಟೆ ಮನೆಯಲ್ಲಿ ಕೂತವರಿಗೆ ತುರ್ತು ಎಲ್ಲಿಂದ ಬಂತು? ಅಧಿಕಾರಿ ನನ್ನನ್ನು ಕೇಳಿದರು.

"ಡಾಕ್ಟರು ತಕ್ಷಣ ಹೋಗಿ ಅಂದ್ರಲ್ಲಮ್ಮ. ಯಾಕೆ ಕಾದ್ರಿ?"

ನಾನು ಬಾಗಿಲ ಕಡೆ ನೋಡಿದೆ. ಮಾವ ಪಂಚೆಯ ಅಂಚನ್ನು ಬೆರಳಿಗೆ ಸುತ್ತುತ್ತಿದ್ದರು. ನಾನು ನೋಡುತ್ತಿರುವುದು ಅವರಿಗೆ ಗೊತ್ತಿತ್ತು. ಐದು ಉಸಿರು ಕಾದೆ. ಆಮೇಲೆ ನಾನೇ ಹೇಳಿದೆ.

"ರಾಹುಕಾಲ ಇತ್ತು ಸರ್. ಕಾಯೋಣ ಅಂದ್ರು, ನಾನು ಆಯ್ತು ಅಂದೆ. ಕೂತವಳು ನಾನೇ. ತಪ್ಪು ಮಾಡಿದೆ. ಆದ್ರೆ ನಾನು ತಪ್ಪು ಮಾಡಿದೆ ಅಂತ ನನ್ನ ಶ್ವಾಸಕೋಶ ಚೆನ್ನಾಗಿತ್ತು ಅಂತ ಆಗಲ್ಲ ಸರ್."

"ನೀವು ವಿಜ್ಞಾನದ ಟೀಚರಲ್ವಾ?"

"ಹೌದು ಸರ್."

ಅವರು ವಿಚಾರಣೆ ಮುಗಿಸಿದರು. ಆ ಪ್ರಶ್ನೆಗೆ ಹೌದು ಎನ್ನುವಾಗ ಆದ ನಾಚಿಕೆ ಐಸಿಯುನಲ್ಲಿ ಪರರ ಕೈಯಿಂದ ಬಟ್ಟೆ ಬದಲಾಯಿಸಿಕೊಳ್ಳುವಾಗಲೂ ಆಗಿರಲಿಲ್ಲ. ಫೋನು ಆರಿಸಿದ ಮೇಲೆ ಮಾವ ಎದ್ದು ಹಿತ್ತಲಿಗೆ ಹೋದರು. ಸ್ವಲ್ಪ ಹೊತ್ತು ಬಿಟ್ಟು ಒಂದು ಲೋಟ ಬಿಸಿನೀರು ತಂದು ನನ್ನ ಮುಂದಿಟ್ಟರು. ನಾನು ಅದನ್ನು ಕುಡಿಯಲಿಲ್ಲ.

ಗೆದ್ದೆವು. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಗೆದ್ದೆವು ಎನ್ನಬೇಕು. ಆಸ್ಪತ್ರೆ ಸೇರಿದ್ದು ಅಗತ್ಯವೇ ಆಗಿತ್ತು, ಕಂಪನಿ ಕೊಡಬೇಕು ಎಂದು ಆದೇಶ ಬಂತು. ಆದರೆ ಐಸಿಯುವಿನ ಖರ್ಚಿನಲ್ಲಿ ಒಂದು ಭಾಗ ಕಳೆದಿದ್ದರು. ರೋಗಿಯ ಸ್ವಂತ ವಿಳಂಬದಿಂದ ಸ್ಥಿತಿ ಬಿಗಡಾಯಿಸಿದೆ ಎಂಬುದು ಅದಕ್ಕೆ ಕಾರಣ. ನನಗೆ ಬೇಕಿದ್ದ ಸಾಲು ಸಿಕ್ಕಿತು. ಅದರ ಬೆನ್ನಿಗೇ ಈ ಸಾಲೂ ಬಂದು ಕೂತಿತು. ಎರಡೂ ನಿಜವೇ. ಮೊದಲನೆಯದನ್ನು ಓದಿದಾಗ ಅತ್ತುಬಿಟ್ಟೆ, ಎರಡನೆಯದನ್ನು ಓದಿ ಕಾಗದ ಮಡಚಿಟ್ಟೆ.

ಆ ವಾರ ಬೋರ್‌ವೆಲ್ಲಿಗೆ ಹೊತ್ತು ಕೇಳಲು ಯಾರೋ ಜಗಲಿಗೆ ಬಂದಿದ್ದರು. ನನ್ನ ಆರೋಗ್ಯ ವಿಚಾರಿಸಿದರು. ಒಳಗೆ ಸೊಪ್ಪು ಬಿಡಿಸುತ್ತಿದ್ದ ನನಗೆ ಮಾವನ ದನಿ ಕೇಳಿಸಿತು.

"ಅವತ್ತು ರಾವುಕಾಲ ಕಳೆದ್ ಮ್ಯಾಲೆ ಹೊಂಟಿದ್ಕೇ ಬದುಕ್ದ್ಲು ಕಣಪ್ಪ. ದುಡ್ಡೂ ಬಂತು. ಗಳಿಗೆ ಅಂದ್ರೆ ಸುಮ್ನೇನಾ?"

ಸೊಪ್ಪಿನ ತಟ್ಟೆಯನ್ನು ಎತ್ತಿ ಬೀದಿಗೆ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ಬಸ್ಸಾರು ಮಾಡಿದೆ, ಅವರಿಗೂ ಬಡಿಸಿದೆ. ಅವರು ಹಾಗೆ ನಂಬದೇ ಹೋದರೆ ಸೊಸೆಯನ್ನು ತಾವೇ ಸಾಯಿಸಲು ಹೊರಟಿದ್ದರು ಎಂದು ನಂಬಬೇಕಾಗುತ್ತದೆ, ಆ ವಯಸ್ಸಿನಲ್ಲಿ ಅದನ್ನು ಹೊರುವುದು ಕಷ್ಟ ಎಂದು ಶಿವರಾಜು ಹೇಳುತ್ತಾರೆ. ಇರಬಹುದು. ಅದನ್ನು ಅರ್ಥ ಮಾಡಿಕೊಳ್ಳುವ ಕೆಲಸವೂ ನನ್ನ ಪಾಲಿಗೇ ಬರಬೇಕೆ?

ಉಬ್ಬಸ ಹೋಗಿಲ್ಲ, ಹೋಗುವುದೂ ಇಲ್ಲ. ಬಾಗಿಲ ಹಿಂದಿನ ಮೊಳೆಗೆ ಒಂದು ಚೀಲ ನೇತುಹಾಕಿದ್ದೇನೆ. ಅದರಲ್ಲಿ ರಿಪೋರ್ಟು, ಕಾರ್ಡು, ಎರಡು ನೈಟಿ. ನಿಂಗಮ್ಮನ ಮಗ ಮಾದೇಶನಿಗೆ ಆಟೋ ಇದೆ, ಅವನ ನಂಬರು ನನ್ನ ಫೋನಿನಲ್ಲಿ ಮೊದಲನೆಯದು.

ಹೋದ ವರ್ಷ ಕಬ್ಬಿನ ಕಾಲದಲ್ಲೇ ಮತ್ತೆ ಬಂತು. ಬುಧವಾರ, ಮಧ್ಯಾಹ್ನ. ಶಿವರಾಜು ಅಂಗಡಿಯಲ್ಲಿದ್ದರು. ಪಂಪು ಕೆಲಸ ಮಾಡುತ್ತಿಲ್ಲ ಎಂದು ಗೊತ್ತಾದ ಕೂಡಲೇ ಮಾದೇಶನಿಗೆ ಫೋನು ಹಚ್ಚಿದೆ, ಚೀಲ ಹೆಗಲಿಗೆ ಹಾಕಿಕೊಂಡು ಜಗಲಿಗೆ ಬಂದೆ. ಆಟೋ ಬಂದು ನಿಂತಿತು. ನಿಂಗಮ್ಮ ಆಗಲೇ ಒಳಗೆ ಹತ್ತಿ ಕೂತಿದ್ದಳು. ಹನ್ನೆರಡೂಕಾಲು. ಬುಧವಾರ ಹನ್ನೆರಡರಿಂದ ಒಂದೂವರೆ ಎಂಬುದು ಈಗ ನನಗೂ ಬಾಯಿಪಾಠ.

ಮಾವ ಕುರ್ಚಿಯಿಂದ ಎದ್ದರು. ಕೈಗಡಿಯಾರ ನೋಡಿದರು, ನನ್ನನ್ನು ನೋಡಿದರು. "ಮಗ, ಇವತ್ತು ಬುದವಾರ..." ಎಂದರು.

ನನ್ನಲ್ಲಿ ಒಂದು ಮಾತಿಗೆ ಆಗುವಷ್ಟು ಉಸಿರಿತ್ತು. ನಮ್ಮ ಕಡೆ ಮನೆಯಿಂದ ಹೊರಡುವವರು 'ಬತ್ತೀನಿ' ಎಂದು ಹೇಳದೆ ಹೊರಡುವುದಿಲ್ಲ. ನಾನು ಅದನ್ನು ಹೇಳಲಿಲ್ಲ.

"ಗೇಟು," ಎಂದೆ.

ಅವರು ಒಂದು ಕ್ಷಣ ನಿಂತರು. ಆಮೇಲೆ ಮೆಟ್ಟಿಲಿಳಿದು ಹೋಗಿ ಗೇಟು ತೆಗೆದರು. ಆಟೋ ತಿರುಗುವಾಗ ನೋಡಿದೆ, ಇನ್ನೂ ಗೇಟು ಹಿಡಿದುಕೊಂಡೇ ನಿಂತಿದ್ದರು, ಕಣ್ಣು ಮಾತ್ರ ಗಡಿಯಾರದ ಮೇಲೆ.

ಮಂಡ್ಯದಲ್ಲಿ ಕ್ಯಾಷುಯಾಲ್ಟಿಯ ಬಾಗಿಲಲ್ಲೇ ಭಾಗ್ಯ ಸಿಕ್ಕಳು. ಮಂಚಕ್ಕೆ ಹತ್ತಿಸಿ, ಬೆರಳಿಗೆ ಕ್ಲಿಪ್ಪು ಹಾಕಿ, ಮಾಸ್ಕು ಕೈಗೆತ್ತಿಕೊಂಡಳು. ನಾನು ಅವಳ ಕೈ ತಡೆದು ಕ್ಲಿಪ್ಪಿನ ಕಡೆ ತೋರಿಸಿದೆ. ಅವಳಿಗೆ ಅರ್ಥವಾಯಿತು. ಮೊದಲು ಅಂಕಿ ಓದಿ ರಿಜಿಸ್ಟರಿನಲ್ಲಿ ಬರೆದು, ಆಮೇಲೆ ಮಾಸ್ಕು ಹಾಕಿದಳು.

"ಟೈಮು ಹಾಕ್ಲಾ ಮಿಸ್?" ಎಂದಳು.

ನಾನು ಅವಳ ಅಂಗೈ ಎಳೆದುಕೊಂಡು ಗೋಡೆಯ ಗಡಿಯಾರ ನೋಡಿ ಬರೆದೆ: ಒಂದು ಇಪ್ಪತ್ತು. ರಾಹುಕಾಲ ಮುಗಿಯಲು ಇನ್ನೂ ಹತ್ತು ನಿಮಿಷ ಇತ್ತು, ನನಗೆ ಆಗಲೇ ಗಾಳಿ ಸಿಗುತ್ತಿತ್ತು.